ಬಿನ್ನವತ್ತಳೆ ಬರೆಯಲು ಒಪ್ಪಿಕೊಂಡ ತಮ್ಮನಿಗೆ

ಪ್ರೀತಿಯ ತಮ್ಮ,

ನಿನ್ನ ಲಕೋಟೆಯಲ್ಲಿ ಎರಡು ಬರಹಗಳಿದ್ದವು. ಒಂದು, ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ ಬೆರಳಚ್ಚು ಹತ್ತದೆ ಮೂರು ತಿಂಗಳು ಅಕ್ಕಿಯಿಲ್ಲದೆ ಹಿಂದಿರುಗಿದ, ಬೀಡಿ ಕಟ್ಟುವ ಮುದುಕಿಯ ಕಥೆ. ಇನ್ನೊಂದು, ನಿಮ್ಮ ಶಾಸಕರ ಹುಟ್ಟುಹಬ್ಬದ ಸಭೆಯಲ್ಲಿ ಓದಿ ಅರ್ಪಿಸಬೇಕಾದ ಬಿನ್ನವತ್ತಳೆಯ ಕರಡು. ಕಥೆಯನ್ನು ಒಂದೇ ರಾತ್ರಿಯಲ್ಲಿ ಎರಡು ಸಲ ಓದಿದೆ. ಸವೆದ ಗೆರೆಗಳು ಮೇಲೆದ್ದು ಬರಲೆಂದು ಅವಳು ಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಿಕೊಂಡು ಕೂರುವ ಭಾಗ ಬಂದಾಗ ಮುಂದೆ ಓದಲಾಗದೆ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಬಿನ್ನವತ್ತಳೆಯನ್ನು ಓದಿದಾಗ ಮಾತ್ರ ಕೋಪ ಬಂತು. ಅದೇ ತಾಲ್ಲೂಕಿನ ಜನಪ್ರತಿನಿಧಿಯನ್ನು ಅದೇ ಕೈ ‘ದೀನದಲಿತರ ಆಶಾಕಿರಣ’, ‘ಅಭಿವೃದ್ಧಿಯ ಹರಿಕಾರ’, ‘ಆಧುನಿಕ ಭಗೀರಥ’ ಎಂದು ಬರೆದಿದೆ. ಆ ಮುದುಕಿ ಯಾರ ಕ್ಷೇತ್ರದವಳು, ಹೇಳು.

ಕಥೆ ಎಷ್ಟು ಪುಟವಿರಬೇಕು, ಯಾವ ಪತ್ರಿಕೆಗೆ ಕಳುಹಿಸಬೇಕು, ಪ್ರಕಾಶಕರನ್ನು ಹೇಗೆ ಕಾಣಬೇಕು ಎಂದೆಲ್ಲ ಕೇಳಿದ್ದೀಯ. ಅವನ್ನು ನಿನ್ನ ಓರಗೆಯವರನ್ನು ಕೇಳು, ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಈ ಬಿನ್ನವತ್ತಳೆಯ ಬಗ್ಗೆ ಮಾತ್ರ ಬರೆಯುತ್ತೇನೆ.

‘ಪ್ರಶಸ್ತಿ’ ಎಂಬ ಪದವನ್ನೇ ತೆಗೆದುಕೋ. ನಾವು ಅದನ್ನು ಬಹುಮಾನ ಎಂಬರ್ಥದಲ್ಲಿ ಬಳಸುತ್ತೇವೆ. ಶಾಸನಗಳಲ್ಲಿ ಅದರ ಅರ್ಥ ರಾಜನ ಹೊಗಳಿಕೆ. ಐಹೊಳೆಯ ಮೇಗುತಿ ಬಸದಿಯ ಗೋಡೆಯ ಮೇಲೆ 634ರಲ್ಲಿ ಕವಿ ರವಿಕೀರ್ತಿ ಬರೆಸಿದ್ದು ಇಮ್ಮಡಿ ಪುಲಕೇಶಿಯ ಪ್ರಶಸ್ತಿ. ಅವನು ಕಾಳಿದಾಸ, ಭಾರವಿಯರ ಕೀರ್ತಿಯನ್ನು ತಾನೂ ಪಡೆದೆನೆಂದು ಅಲ್ಲೇ ಹೇಳಿಕೊಂಡಿದ್ದಾನೆ. ರಾಜನ ಪರಮ ಅನುಗ್ರಹ ತನಗಿತ್ತೆಂಬುದನ್ನೂ ಮುಚ್ಚಿಡಲಿಲ್ಲ. ಅಂದು ಕವಿ ಆಳುವವನಿಗೆ ಪ್ರಶಸ್ತಿ ಬರೆಯುತ್ತಿದ್ದ, ಇಂದು ಆಳುವವರು ಕವಿಗೆ ಪ್ರಶಸ್ತಿ ಕೊಡುತ್ತಾರೆ ಎಂದು ನಾವು ತಿಳಿದಿದ್ದೇವೆ. ಆದರೆ ನಿನ್ನ ಪತ್ರದ ಮೂರನೆಯ ಪುಟದಲ್ಲಿ ಎರಡೂ ಒಟ್ಟಿಗೇ ಇವೆ: ಬಿನ್ನವತ್ತಳೆ ಬರೆದುಕೊಟ್ಟರೆ ಮುಂದಿನ ನವೆಂಬರ್ 1ರ ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿಯ ಪಟ್ಟಿಗೆ ನಿನ್ನ ಹೆಸರನ್ನು ಸೇರಿಸುವಂತೆ ಹೇಳಿಸಬಹುದೆಂದು ನಿನ್ನ ಪ್ರಾಂಶುಪಾಲರು ಅಂದಿದ್ದಾರೆ. ಮೊದಲ ಸಂಕಲನ ಬಂದು ಎರಡು ವರ್ಷವಾದರೂ ಯಾರೂ ಒಂದು ಮಾತು ಬರೆಯಲಿಲ್ಲ ಎಂಬ ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ. ಆ ಸಂಕಟವನ್ನು ಈ ಶಾಲು, ಪೇಟ, ಫಲತಾಂಬೂಲಗಳು ಕಳೆಯುತ್ತವೆಂದು ನೀನು ನಂಬಿರುವುದು ನನಗೆ ಸಹಿಸಲಾಗುತ್ತಿಲ್ಲ.

ರಾಜ್ಯಮಟ್ಟದ ರಾಜ್ಯೋತ್ಸವ ಪ್ರಶಸ್ತಿಯನ್ನೇ ನೋಡು. 2010ರಲ್ಲಿ ಅದನ್ನು ಪಡೆದವರು ನೂರೈವತ್ತಕ್ಕೂ ಹೆಚ್ಚು. ಹಂಚಿಕೆ ಹೀಗೆ ಕೈಮೀರಿದ ಮೇಲೆ, ಅದು ಎಷ್ಟನೆಯ ರಾಜ್ಯೋತ್ಸವವೋ ಅಷ್ಟೇ ಮಂದಿಗೆ ಎಂಬ ಮಿತಿ ಬಂದು, 2024ರಲ್ಲಿ 69 ಜನರಿಗೆ ಕೊಟ್ಟರು. ಅವರಲ್ಲಿ ಯೋಗ್ಯರು ಪ್ರತಿ ವರ್ಷವೂ ಇರುತ್ತಾರೆ, ನಾನು ಗೌರವಿಸುವವರೂ ಇದ್ದಾರೆ. ಆದರೂ ಮಿತಿಯನ್ನು ಹೊರಗಿನಿಂದ ಹೇರಬೇಕಾಗಿ ಬಂದದ್ದು, ಕೊಡುವವರ ಕೈ ತಾನಾಗಿ ನಿಲ್ಲುವುದಿಲ್ಲವೆಂಬ ಕಾರಣಕ್ಕೆ.

ಕೊಡುವ ಸ್ಥಾನದಲ್ಲಿರುವವರೇ ಪಡೆಯುವುದೂ ಹೊಸದಲ್ಲ. ನೆಹರೂ 1955ರಲ್ಲಿ, ಇಂದಿರಾ ಗಾಂಧಿ 1971ರಲ್ಲಿ, ಇಬ್ಬರೂ ಪ್ರಧಾನಿಗಳಾಗಿದ್ದಾಗಲೇ ಭಾರತರತ್ನ ಪಡೆದರು. ಮೊರಾರ್ಜಿ ದೇಸಾಯಿಯವರ ಸರ್ಕಾರ 1977ರಲ್ಲಿ ಈ ಗೌರವಗಳನ್ನೇ ನಿಲ್ಲಿಸಿತು, 1980ರಲ್ಲಿ ಅವು ಮರಳಿದವು, 1991ರಲ್ಲಿ ಮೊರಾರ್ಜಿಯವರೇ ಭಾರತರತ್ನರಾದರು. ನಾನು ಹೆಚ್ಚು ನೆನೆಯುವುದು ಮೌಲಾನಾ ಆಜಾದರನ್ನು. ಆಯ್ಕೆ ಮಾಡುವ ಕಡೆಯಲ್ಲಿರುವವರು ತಾವೇ ಅದನ್ನು ಪಡೆಯಬಾರದೆಂದು ಅವರು ನಿರಾಕರಿಸಿದರು. ಅವರಿಗೆ ಅದು ಸಂದದ್ದು 1992ರಲ್ಲಿ, ಮರಣೋತ್ತರವಾಗಿ. ನಮ್ಮ ದೇವನೂರ ಮಹಾದೇವ ಅವರು ಕನ್ನಡ ಶಿಕ್ಷಣ ಮಾಧ್ಯಮವಾಗಿಲ್ಲವೆಂಬ ನೋವಿನಿಂದ 2010ರಲ್ಲಿ ನೃಪತುಂಗ ಪ್ರಶಸ್ತಿಯನ್ನು ಬೇಡವೆಂದರು. ಬಿನ್ನವತ್ತಳೆಯಲ್ಲಿ ನಿಮ್ಮ ಶಾಸಕರ ಹೆಸರಿಗೆ ‘ಡಾ.’ ಅಂಟಿಸಿದ್ದೀಯ, ಗೌರವ ಡಾಕ್ಟರೇಟ್ ಬಂದಿದೆಯಂತೆ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಕೊಡಹೊರಟ ಅದೇ ಪದವಿಯನ್ನು, ಸಂಶೋಧನೆ ಮಾಡಿ ಗಳಿಸುತ್ತೇನೆಂದು ಹೇಳಿ ರಾಹುಲ್ ದ್ರಾವಿಡ್ ತೆಗೆದುಕೊಳ್ಳಲಿಲ್ಲ. ಆ ಒಂದಕ್ಷರವನ್ನು ಹೊಡೆದುಹಾಕು.

ಇಷ್ಟು ಕಟುವಾಗಿ ಬರೆಯಲು ಕಾರಣವಿದೆ. ಇಪ್ಪತ್ತೇಳನೆಯ ವಯಸ್ಸಿನಲ್ಲಿ ನಾನೂ ಒಂದು ಬಿನ್ನವತ್ತಳೆ ಬರೆದೆ. ಆಗ ದೂರದ ಊರಿನಲ್ಲಿ ಮೇಷ್ಟ್ರಾಗಿದ್ದೆ, ತಾಯಿಗೆ ಕಾಯಿಲೆಯಿತ್ತು, ವರ್ಗಾವಣೆ ಬೇಕಾಗಿತ್ತು. ಮಂತ್ರಿಯೊಬ್ಬರ ಸನ್ಮಾನಕ್ಕೆ ನನ್ನಿಂದ ಬರೆಸಿದರು. ಬತ್ತಿದ ಊರಿಗೆ ಕೆರೆ ತುಂಬಿಸಿದ ಪುಣ್ಯಾತ್ಮರೆಂದು ಬರೆದೆ. ಆ ಕೆರೆಯನ್ನು ನಾನು ನೋಡಿರಲಿಲ್ಲ; ಹಾಗೆ ಬರೆಯಬೇಕೆಂದು ಹೇಳಿದ್ದರು, ಬರೆದೆ. ಚೌಕಟ್ಟು ಹಾಕಿಸಿದ ಆ ಹಾಳೆಯನ್ನು ವೇದಿಕೆಯಲ್ಲಿ ನಾನೇ ಓದಿದೆ, ಚಪ್ಪಾಳೆ ಬಿತ್ತು. ಕೆಳಗಿಳಿದಾಗ ಹಿಂದಿನ ಸಾಲಿನಲ್ಲಿದ್ದ ರೈತರೊಬ್ಬರು ನನ್ನ ಬಳಿ ಬಂದು, ‘ಮೇಷ್ಟ್ರೇ, ಆ ಕೆರೆ ಎಲ್ಲೈತೆ?’ ಎಂದು ಕೇಳಿದರು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದರು, ಏಕೆಂದರೆ ನಾನು ಓದಿದ್ದನ್ನು ಅವರು ನಂಬಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ. ಮೂರು ತಿಂಗಳಲ್ಲಿ ವರ್ಗಾವಣೆಯಾಯಿತು. ತಾಯಿಯ ಕೊನೆಯ ದಿನಗಳಲ್ಲಿ ಹತ್ತಿರವಿದ್ದೆನೆಂಬ ಸಮಾಧಾನ ನನಗಿದೆ, ಅದನ್ನು ಸುಳ್ಳೆನ್ನಲಾರೆ. ಆದರೆ ನೀರಿನ ಬಗ್ಗೆ, ಬರದ ಬಗ್ಗೆ, ಆ ಸೀಮೆಯ ಜನರ ಬಗ್ಗೆ ಬರೆಯಲು ಕುಳಿತಾಗಲೆಲ್ಲ ಆ ಪ್ರಶ್ನೆ ಅಡ್ಡ ಬಂತು. ನನ್ನ ಪುಸ್ತಕಗಳಲ್ಲಿ ಆ ಊರು ಒಂದು ಸಾಲಿನಲ್ಲೂ ಇಲ್ಲ.

ನೀನು ಅತಿಥಿ ಉಪನ್ಯಾಸಕ, ಆಗದು ಎಂದರೆ ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂಬ ಭಯ ನಿನ್ನದು. ಬಿಟ್ಟುಬಿಡು ಎಂದು ಮನೆಯಲ್ಲಿ ಕುಳಿತು ಹೇಳುವ ಹಕ್ಕು ನನಗಿಲ್ಲ. ಬರೆಯಲೇಬೇಕಾದರೆ ನೀನು ಕಂಡದ್ದನ್ನು ಬರೆ. ಕಾಲೇಜಿಗೆ ಎರಡು ಕೊಠಡಿ ಕಟ್ಟಿಸಿದ್ದಾರೆಂದು ಪತ್ರದಲ್ಲಿ ತಿಳಿಸಿದ್ದೀಯಲ್ಲ. ಯಾವ ವರ್ಷ, ಎಷ್ಟು ಹಣ, ಅಲ್ಲೀಗ ಎಷ್ಟು ಮಕ್ಕಳು ಓದುತ್ತಿದ್ದಾರೆ ಎಂಬುದನ್ನು ಬರೆದು ಧನ್ಯವಾದ ಹೇಳಿ ಮುಗಿಸು. ಆರು ಸಾಲಾದರೆ ಆರೇ ಸಾಲು. ಭಗೀರಥನನ್ನು ಅವನ ಪಾಡಿಗೆ ಬಿಡು. ಪ್ರಶಸ್ತಿಯ ಪಟ್ಟಿಗೆ ಹೆಸರು ಬೇಡವೆಂದು ಪ್ರಾಂಶುಪಾಲರಿಗೆ ಈಗಲೇ ತಿಳಿಸು. ಸಭೆ ಮುಗಿದ ಮೇಲೆ ಹೇಳುವುದು ಇನ್ನೂ ಕಷ್ಟ.

ಹೊಸ ಸಂಕಲನಕ್ಕೆ ಮುನ್ನುಡಿ ಕೇಳಿದ್ದೀಯ. ಈಗ ಬರೆಯುವುದಿಲ್ಲ, ಬೇಸರಿಸಬೇಡ. ಮುದುಕಿಯ ಕಥೆಯ ಕೊನೆಯ ಪುಟದಲ್ಲಿ ಅಧಿಕಾರಿಯೊಬ್ಬ ಬಂದು ಅಕ್ಕಿ ಕೊಡಿಸುತ್ತಾನಲ್ಲ, ಆ ಭಾಗ ನಿನ್ನ ಬಿನ್ನವತ್ತಳೆಯ ಶಾಯಿಯಲ್ಲೇ ಬರೆದಂತಿದೆ. ಅವಳ ಮನೆಗೆ ಮತ್ತೊಮ್ಮೆ ಹೋಗಿ, ನಿಜವಾಗಿ ಏನಾಯಿತೆಂದು ಕೇಳಿ ತಿಳಿದುಕೊಂಡು ಆ ಪುಟವನ್ನು ಹೊಸದಾಗಿ ಬರೆದು ಕಳುಹಿಸು. ಕಾಯುತ್ತಿರುತ್ತೇನೆ.

ಇಂತಿ,
ನಿನ್ನ ಹಿತೈಷಿ