ಕುದುರೆ ವಿಮೆ: ಪ್ರಶ್ನೆಗಳು ಬಿಡಿಬಿಡಿಯಾಗಿರಲಿ

ಮಾನ್ಯ ಸಂಪಾದಕರೇ,

ಮೈಸೂರಿನ ಟಾಂಗಾ ಮಾಲೀಕರಿರಲಿ, ಕುಣಿಗಲ್ ಕಡೆಯ ಸಾಕಣೆದಾರರಿರಲಿ, ಕುದುರೆಗೆ ವಿಮೆ ಮಾಡಿಸುವವರು ಅದರ ಹಳೆಯ ಕಾಯಿಲೆಗಳನ್ನು ಪ್ರಸ್ತಾವ ಪತ್ರದಲ್ಲಿ ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಪಶುವೈದ್ಯರ ಪ್ರಮಾಣಪತ್ರವಿದ್ದರೂ ಈ ಹೊಣೆ ತಪ್ಪುವುದಿಲ್ಲ. ಪರೀಕ್ಷೆಯ ದಿನ ನೆಟ್ಟಗೆ ನಿಂತ ಕುದುರೆಗೆ ಹಿಂದೆ ಹೊಟ್ಟೆಶೂಲೆ ಬಂದಿತ್ತೆಂಬುದಾಗಲಿ, ಗೊರಸಿನ ಉರಿಯೂತದಿಂದ ಅದು ಕುಂಟುತ್ತಿತ್ತೆಂಬುದಾಗಲಿ ವೈದ್ಯರ ಕಣ್ಣಿಗೆ ಬೀಳದಿರಬಹುದು, ಸಾಕಿದವರಿಗೆ ಗೊತ್ತಿರುತ್ತದೆ. ಆದರೆ ಇಂಗ್ಲಿಷಿನ ನಮೂನೆಯನ್ನು ಏಜೆಂಟರೇ ತುಂಬಿ, ‘ಕಾಯಿಲೆ ಇಲ್ಲ’ ಎಂದು ಗುರುತು ಹಾಕಿ, ಮಾಲೀಕರಿಂದ ಬರೀ ಸಹಿ ಪಡೆದರೆ, ಕುದುರೆ ಸತ್ತಾಗ ಸತ್ಯ ಮರೆಮಾಚಿದ ಆರೋಪ ಬರುವುದು ಯಾರ ಮೇಲೆ? (ತುಂಬಿದವರು ಆಗ ಎಲ್ಲಿರುತ್ತಾರೋ!) ವಿಮಾ ಕಂಪನಿಗಳು ‘ಆರೋಗ್ಯವಾಗಿದೆಯೇ’ ಎಂದಷ್ಟೇ ಕೇಳದೆ, ಶೂಲೆ, ಕುಂಟು, ಶಸ್ತ್ರಚಿಕಿತ್ಸೆ, ಗ್ಲ್ಯಾಂಡರ್ಸ್ ಎಂಬ ಅಂಟುರೋಗದ ರಕ್ತಪರೀಕ್ಷೆ ಎಂದು ಕನ್ನಡದಲ್ಲಿಯೇ ಬಿಡಿಬಿಡಿಯಾಗಿ ಕೇಳಿ, ತುಂಬಿದ ಪತ್ರದ ಪ್ರತಿಯನ್ನು ಮಾಲೀಕರ ಕೈಗೆ ಕೊಡಬೇಕು.

– ಓದುಗ, ಮೈಸೂರು