ಬಸುರಿಗೆ ಯಾವ ಮೀನು?

ಮಾನ್ಯರೇ,

ಮಗಳು ಚೊಚ್ಚಲ ಬಸುರಿ, ತವರಿಗೆ ಬಂದಿದ್ದಾಳೆ. ಮೀನುಸಾರು ಬೇಕೆಂದಳು. ಅಂಗಡಿಯವರು ‘ದೊಡ್ಡ ಮೀನೇ ಒಳ್ಳೇದಮ್ಮ’ ಎಂದು ಶಾರ್ಕ್ ತುಂಡು ತೂಗಲು ಹೊರಟರು. ಬೇಡವೆಂದೆ. ಬೇರೆ ಮೀನು ತಿಂದು ಬಹುಕಾಲ ಬದುಕುವ ಇಂಥವುಗಳ ಮಾಂಸದಲ್ಲೇ ಪಾದರಸ ಹೆಚ್ಚು ಸೇರುವುದು. ಎಷ್ಟು ಕುದಿಸಿದರೂ ಹೋಗದು, ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ಕೇಡು. ಭೂತಾಯಿ, ಬಂಗುಡೆಯಂಥ ಸಣ್ಣ ಮೀನುಗಳಲ್ಲಿ ಆ ಭಯ ಕಡಿಮೆ. ಆದರೆ ಬೆರಳುದ್ದದ ಬಂಗುಡೆ ಮರಿಗಳನ್ನು ಗುಡ್ಡೆ ಹಾಕಿದ್ದು ಕಂಡು ಸಂಕಟವಾಯಿತು. ಮೊಟ್ಟೆಯಿಡುವ ಮೊದಲೇ ಹಿಡಿದರೆ ಕಡಲಲ್ಲಿ ಉಳಿಯುವುದೇನು? ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳನ್ನು ನಿಲ್ಲಿಸುವುದು ಮೀನಿನ ಸಂತಾನ ಉಳಿಯಲೆಂದೇ ಅಲ್ಲವೇ? ನಮ್ಮ ಒಳನಾಡಿನ ಅಂಗಡಿಗಳಲ್ಲೂ ಮೀನಿನ ಹೆಸರು, ಅದು ಬಂದ ಬಂದರು ಬರೆದ ಹಲಗೆಯನ್ನು ಮೀನುಗಾರಿಕೆ ಇಲಾಖೆ ಹಾಕಿಸಲಿ.

– ನಿವೃತ್ತ ಶಿಕ್ಷಕಿ, ಚಿಂತಾಮಣಿ