ಟವರ್ ಸ್ಪೀಕರಿನೊಳಗಿನ ಸಬ್‌ವೂಫರ್: ಕೊಳ್ಳುವ ಮುನ್ನ ಕೇಳಬೇಕಾದ್ದು

ಮಾನ್ಯ ಸಂಪಾದಕರೇ,

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯಂಥ ಊರುಗಳಲ್ಲಿಯೂ ಹಜಾರದಲ್ಲಿ ಒಂದು ಜೋಡಿ ಟವರ್ ಸ್ಪೀಕರ್ ನಿಲ್ಲಿಸಿಕೊಂಡು ಸಂಗೀತ ಕೇಳುವ, ಸಿನಿಮಾ ನೋಡುವ ಮನೆಗಳು ಸಾಕಷ್ಟಿವೆ. ಹಳೆಯ ಜೋಡಿಯನ್ನು ಬದಲಾಯಿಸಲು ಹೊರಟವರಿಗೆ ಅಂಗಡಿಗಳಲ್ಲಿ ಸಿಗುವ ಸಲಹೆಗಳಲ್ಲೊಂದು, ಆಂಪ್ಲಿಫೈಯರ್ ಸಮೇತ ಸಬ್‌ವೂಫರನ್ನು (ಆಳದ ಮಂದ್ರ ಸದ್ದಿಗೆಂದೇ ಇರುವ ಸ್ಪೀಕರನ್ನು) ಒಳಗೇ ಅಡಗಿಸಿಕೊಂಡ ಟವರ್ ಕೊಂಡರೆ ಬೇರೆ ಪೆಟ್ಟಿಗೆಯ ರಗಳೆಯೇ ಇರುವುದಿಲ್ಲ ಎಂಬುದು. ಈ ವಿನ್ಯಾಸವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಮಲೆನಾಡಿನ ಸಿಡಿಲು, ವಿದ್ಯುತ್ತಿನ ಏರಿಳಿತ ಮತ್ತು ಇಲ್ಲಿ ಸಿಗುವ ರಿಪೇರಿಯ ಅನುಕೂಲವನ್ನು ಗಮನದಲ್ಲಿಟ್ಟು ನೋಡಿದರೆ, ಒಳಗಿನ ಆಂಪ್ಲಿಫೈಯರನ್ನು ಪ್ರತ್ಯೇಕವಾಗಿ ಬಿಚ್ಚಿ ಬದಲಾಯಿಸಲು ಬಾರದ ಟವರನ್ನು ಇಲ್ಲಿನವರು ಕೊಳ್ಳಲೂಬಾರದು, ಆ ಸಂಗತಿಯನ್ನು ಮುಚ್ಚಿಟ್ಟು ಯಾರೂ ಮಾರಲೂಬಾರದು ಎಂಬುದು ನನ್ನ ಅಭಿಪ್ರಾಯ.

ಯೋಚನೆಯೇನೂ ಹೊಸದಲ್ಲ. ಅಮೆರಿಕದ ಡೆಫಿನಿಟಿವ್ ಟೆಕ್ನಾಲಜಿ ಸಂಸ್ಥೆ 1990ರ ದಶಕದಲ್ಲಿಯೇ ಇಂಥ ಟವರ್‌ಗಳನ್ನು ತಂದಿತ್ತು. ಅದರ ಸ್ಥಾಪಕರಲ್ಲೊಬ್ಬರಾದ ಸ್ಯಾಂಡಿ ಗ್ರಾಸ್ ಮುಂದೆ ಕಟ್ಟಿದ ಗೋಲ್ಡನ್‌ಇಯರ್ ಸಂಸ್ಥೆಯ ಟ್ರೈಟನ್ ಸರಣಿಯೂ ಅದೇ ಜಾಡಿನದು. ಇದರ ಹಿಂದಿನ ಕಾರಣ ಗಟ್ಟಿಯಾಗಿಯೇ ಇದೆ. ಸ್ವರ ಒಂದು ಸ್ಥಾಯಿ ಕೆಳಗಿಳಿದರೆ, ಅಷ್ಟೇ ಜೋರಾಗಿ ಕೇಳಿಸಬೇಕಾದಲ್ಲಿ, ಸ್ಪೀಕರಿನ ಕೋನ್ ನಾಲ್ಕು ಪಟ್ಟು ಗಾಳಿಯನ್ನು ತಳ್ಳಬೇಕಾಗುತ್ತದೆ. ಪೆಟ್ಟಿಗೆ ಚಿಕ್ಕದಿರಬೇಕು, ಮಂದ್ರ ಆಳಕ್ಕೆ ಇಳಿಯಬೇಕು, ಕಡಿಮೆ ವಾಟ್‌ಗೇ ಗಟ್ಟಿಯಾಗಿ ಕೇಳಬೇಕು ಎಂಬ ಮೂರು ಆಸೆಗಳಲ್ಲಿ ಎರಡು ಮಾತ್ರ ಈಡೇರುತ್ತವೆ ಎಂಬುದು ಸ್ಪೀಕರ್ ತಯಾರಿಸುತ್ತಿದ್ದ ಅಮೆರಿಕದ ಕೆಎಲ್‌ಎಚ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಹಾಫ್‌ಮನ್ ಅವರ ಹೆಸರಿನಲ್ಲಿ ನಿಂತಿರುವ ನಿಯಮ. ಸಪೂರ ಟವರಿನೊಳಗೆ ಆಳದ ಮಂದ್ರ ಬೇಕೆಂದರೆ ಮೂರನೆಯ ಆಸೆಯನ್ನು ಬಿಟ್ಟು, ನೂರಾರು ವಾಟ್‌ಗಳ, ಹೆಚ್ಚು ಬಿಸಿಯಾಗದ ‘ಕ್ಲಾಸ್ ಡಿ’ ಬಗೆಯ ಆಂಪ್ಲಿಫೈಯರನ್ನು ಒಳಗೇ ಕೂರಿಸಬೇಕಾಗುತ್ತದೆ. ಹಾಗೆ ಕೂರಿಸಿದಾಗ ಹೊರಗಿನ ಆಂಪ್ಲಿಫೈಯರಿನ ಭಾರ ಇಳಿಯುತ್ತದೆ; ಯಾವ ಕಂಪನಾಂಕದಲ್ಲಿ ಸಬ್‌ವೂಫರ್ ಶುರುವಾಗಬೇಕೆಂಬುದನ್ನು ಕಾರ್ಖಾನೆಯಲ್ಲಿಯೇ ಅಳೆದು ಹೊಂದಿಸಿರುತ್ತಾರಾದ್ದರಿಂದ ಕೊಂಡವರು ತಲೆ ಕೆಡಿಸಿಕೊಳ್ಳಬೇಕಿಲ್ಲ.

ತೊಡಕು ಹುಟ್ಟುವುದು ಕೋಣೆಯಲ್ಲಿ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹಾಗಾಗಿ 40 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 40 ಸಲ ಕಂಪಿಸುವ ಸದ್ದಿನ ಒಂದು ಅಲೆ ಎಂಟೂವರೆ ಮೀಟರ್ ಉದ್ದವಿರುತ್ತದೆ. ಐದು ಮೀಟರ್ ಉದ್ದದ ಹಜಾರದಲ್ಲಿ 34 ಹರ್ಟ್ಸ್‌ನ ಆಸುಪಾಸಿನ ಸದ್ದು ಎರಡು ಗೋಡೆಗಳ ನಡುವೆ ನಿಂತಲೆಯಾಗಿ, ಗೋಡೆಯ ಬಳಿ ಕೂತವರಿಗೆ ಎದೆ ಗುದ್ದಿದಂತೆಯೂ ನಟ್ಟನಡುವೆ ಕೂತವರಿಗೆ ಇಲ್ಲವೇ ಇಲ್ಲವೆಂಬಂತೆಯೂ ಕೇಳಿಸುತ್ತದೆ. ವಿನೋಬನಗರ, ಗೋಪಾಳದ ಕಾಂಕ್ರೀಟು ಮನೆಗಳಲ್ಲಿ ಇದರ ಉಪಟಳ ಹೆಚ್ಚು. ಮರದ ಮುಚ್ಚಿಗೆ, ಹೆಂಚಿನ ಮಾಡು ಇರುವ ಹಳೆಯ ಮನೆಗಳಲ್ಲಿ ಹಲಗೆಗಳು ತಾವೇ ಅದುರಿ ಒಂದಷ್ಟು ಸದ್ದನ್ನು ನುಂಗಿಕೊಳ್ಳುವುದರಿಂದ ಅಷ್ಟು ಕಾಡುವುದಿಲ್ಲ (ಅಡುಗೆಮನೆಯ ಸ್ಟ್ಯಾಂಡಿನ ಸ್ಟೀಲ್ ಲೋಟಗಳು ಯಾವುದೋ ಒಂದೇ ಸ್ವರಕ್ಕೆ ಕಿಣಿಕಿಣಿಗುಟ್ಟುವುದನ್ನು ಸಹಿಸಿಕೊಳ್ಳಬೇಕು, ಅಷ್ಟೆ). ಗಾಯಕರ ದನಿ ಎದುರಿನಿಂದ ಸ್ಪಷ್ಟವಾಗಿ ಬರಬೇಕಾದರೆ ಟವರ್‌ಗಳು ಗೋಡೆಯಿಂದ ಮುಂದಕ್ಕೆ, ಕೇಳುವವರಿಂದ ಸಮಾನ ದೂರದಲ್ಲಿ ನಿಲ್ಲಬೇಕು. ಮಂದ್ರ ಸಮನಾಗಿ ಹರಡುವ ಜಾಗ ಬೇರೆಲ್ಲೋ, ಪಕ್ಕದ ಗೋಡೆಯ ಮಧ್ಯದಲ್ಲಿಯೋ ಸೋಫಾದ ಹಿಂದೆಯೋ ಇರಬಹುದು. ಬಿಡಿ ಸಬ್‌ವೂಫರಾದರೆ ಅದನ್ನು ನಾವು ಕೂರುವ ಜಾಗದಲ್ಲಿಟ್ಟು, ಮಂದ್ರ ಹೆಚ್ಚಿರುವ ಹಾಡೊಂದನ್ನು ಹಾಕಿ, ಗೋಡೆಗುಂಟ ಬಗ್ಗಿ ಓಡಾಡಿ, ಎಲ್ಲಿ ಸದ್ದು ಹದವಾಗಿ ಕೇಳುತ್ತದೆಯೋ ಅಲ್ಲಿಗೇ ಆಮೇಲೆ ಅದನ್ನು ಸ್ಥಳಾಂತರಿಸಬಹುದು. ಟವರಿನ ಹೊಟ್ಟೆಯಲ್ಲಿರುವುದನ್ನು ಹಾಗೆ ಸರಿಸಲಾಗದು. ಎರಡು ಟವರ್ ಎಂದರೆ ಎರಡು ಸಬ್‌ವೂಫರ್ ಆಗುವುದರಿಂದ ಏರುಪೇರು ಸ್ವಲ್ಪ ತಗ್ಗುತ್ತದೆ ಎಂಬುದನ್ನೂ ಒಪ್ಪಬೇಕು.

ಅಷ್ಟು ಆಳದ ಮಂದ್ರ ನಾವು ಕೇಳುವ ಸಂಗೀತದಲ್ಲಿ ಇದೆಯೇ ಎಂದೂ ವಿಚಾರಿಸಿಕೊಳ್ಳುವುದು ಒಳ್ಳೆಯದು. ಒಂದನೇ ಮನೆಯ ಶ್ರುತಿಗೆ ಹಾಡುವ ಗಾಯಕರ ತಂಬೂರಿಯ ಮಂದ್ರ ತಂತಿ ಮಿಡಿಯುವುದೇ 65 ಹರ್ಟ್ಸ್‌ನ ಆಸುಪಾಸಿನಲ್ಲಿ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿಯದು 41 ಹರ್ಟ್ಸ್. ಹೊಸಹಳ್ಳಿಯ ಗಮಕ, ಭಾಗವತರ ಪದ, ಕರ್ನಾಟಕ ಸಂಗೀತ ಇವುಗಳನ್ನೇ ಹೆಚ್ಚು ಕೇಳುವವರಿಗೆ 45 ಹರ್ಟ್ಸ್‌ವರೆಗೆ ಇಳಿಯುವ ಒಳ್ಳೆಯ ಸಾದಾ ಟವರ್ ಧಾರಾಳವಾಯಿತು. ಸಿನಿಮಾದ ಸ್ಫೋಟ, ಭೂಕಂಪಗಳ ಸದ್ದು ಮಾತ್ರ 20 ಹರ್ಟ್ಸ್‌ವರೆಗೂ ಇಳಿಯುತ್ತದೆ.

ಇನ್ನು ವಿದ್ಯುತ್ತಿನ ಮಾತು. ಸಾದಾ ಟವರಿಗೆ ಕರೆಂಟಿನ ಗೊಡವೆಯೇ ಇಲ್ಲ. ಆಂಪ್ಲಿಫೈಯರಿನಿಂದ ಎರಡು ತಂತಿ ಬಂದರೆ ಮುಗಿಯಿತು. ಒಳಗೆ ಆಂಪ್ಲಿಫೈಯರ್ ಇರುವ ಪ್ರತಿ ಟವರಿಗೂ ಒಂದೊಂದು ಪ್ಲಗ್ ಬೇಕು. ಸದ್ದು ಬಂದೊಡನೆ ತಾನಾಗಿಯೇ ಎಚ್ಚರಗೊಳ್ಳುವ ವ್ಯವಸ್ಥೆ ಇದ್ದರೆ ಅದು ಹಗಲೂ ರಾತ್ರಿ ಲೈನಿಗೆ ಅಂಟಿಕೊಂಡೇ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಶುರುವಾಯಿತೆಂದರೆ ಟೀವಿಯ ಪ್ಲಗ್ಗನ್ನೂ ಡಿಶ್ಶಿನ ಕೇಬಲ್ಲನ್ನೂ ಕಿತ್ತಿಡುವುದು ನಮ್ಮಲ್ಲಿ ರೂಢಿ. ಭಾರದ ಟವರ್‌ಗಳ ಹಿಂದೆ ಕೈ ತೂರಿಸಿ ಇನ್ನೆರಡು ಪ್ಲಗ್ ಕೀಳುವುದು ಎಷ್ಟು ದಿನ ನಡೆದೀತು? ಸ್ಟೆಬಿಲೈಸರ್ ವೋಲ್ಟೇಜಿನ ಏರಿಳಿತವನ್ನು ತಡೆದೀತೇ ಹೊರತು ಸಿಡಿಲಿನ ಹೊಡೆತವನ್ನಲ್ಲ. ಅಮೆರಿಕದಿಂದ ಮನೆ ಸಾಮಾನಿನೊಂದಿಗೆ ಮರಳಿದವರು ಮಾರುವ ಸೆಕೆಂಡ್‌ಹ್ಯಾಂಡ್ ಜೋಡಿಯಾದರೆ, ಅದರ ಆಂಪ್ಲಿಫೈಯರ್ 120 ವೋಲ್ಟಿನದೋ ನಮ್ಮ 230 ವೋಲ್ಟಿಗೂ ಒಗ್ಗುವಂಥದೋ ಎಂಬುದನ್ನು ಹಿಂಬದಿಯ ಚೀಟಿಯಲ್ಲಿ ಓದಿಯೇ ಹಣ ಕೊಡಬೇಕು.

ತೀರ್ಥಹಳ್ಳಿ ಕಡೆಯ ನಮ್ಮ ಬಂಧುಗಳ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ಮುಂಗಾರಿಗೆ ಮುಂಚಿನ ಸಿಡಿಲೊಂದಕ್ಕೆ ಎಡಗಡೆಯ ಟವರಿನ ಸಬ್‌ವೂಫರ್ ಸುಮ್ಮನಾಯಿತು. ಶಿವಮೊಗ್ಗದ ಹಳೆಯ ರಿಪೇರಿಯವರೊಬ್ಬರು ಹಿಂಬದಿಯ ಅಲ್ಯೂಮಿನಿಯಂ ತಗಡಿನ ಸ್ಕ್ರೂಗಳನ್ನು ಬಿಚ್ಚಿ ನೋಡಿದರು. ಕರೆಂಟು ಒಳಬರುವ ಕಡೆ ಬೋರ್ಡು ಕಪ್ಪಾಗಿತ್ತು, ಮುಖ್ಯ ಐಸಿಯ ಮೇಲಿನ ನಂಬರನ್ನು ತಯಾರಕರೇ ಉಜ್ಜಿ ಅಳಿಸಿದ್ದರು. ಕಾಯಿಲ್ ಸುತ್ತಿ, ಕೋನ್ ಹೊಸದು ಕೂರಿಸಿ ಎಷ್ಟೋ ಸ್ಪೀಕರ್‌ಗಳಿಗೆ ಜೀವ ಕೊಟ್ಟ ಆ ಮನುಷ್ಯ ಇದನ್ನು ಹಾಗೆಯೇ ಮುಚ್ಚಿ ಕೊಟ್ಟರು. ವಿತರಕರಿಂದ ಬಂದ ಉತ್ತರ, ಬೋರ್ಡನ್ನು ಬಿಡಿಯಾಗಿ ಕೊಡುವುದಿಲ್ಲ, ಇಡೀ ಟವರನ್ನು ಮೂಲ ಪೆಟ್ಟಿಗೆಯಲ್ಲಿಯೇ ತುಂಬಿ ಬೆಂಗಳೂರಿಗೆ ಕಳಿಸಿ ಎಂಬುದು. ಮೂಲ ರಟ್ಟಿನ ಪೆಟ್ಟಿಗೆಯನ್ನು ಮಳೆಗಾಲದ ಥಂಡಿಯಲ್ಲಿ ವರ್ಷಗಟ್ಟಲೆ ಕಾಪಾಡುವವರು ಯಾರು? ಬಿಡಿ ಸಬ್‌ವೂಫರ್ ಕೆಟ್ಟಿದ್ದರೆ ಅದನ್ನೊಂದನ್ನೇ ಬಸ್ಸಿಗೆ ಹಾಕಿ ಕಳಿಸಿ, ಉಳಿದ ಜೋಡಿಯಲ್ಲಿ ಹಾಡು ಕೇಳುತ್ತಿರಬಹುದಿತ್ತು.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರ್’ ಜಾಲತಾಣವನ್ನು ಆರಂಭಿಸಿ, ಎಲೆಕ್ಟ್ರಾನಿಕ್ ವಸ್ತುಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿದೆ. ಮೊಬೈಲು, ಫ್ರಿಜ್ಜುಗಳಂತೆ ದುಬಾರಿ ಸ್ಪೀಕರ್‌ಗಳ ತಯಾರಕರೂ ಬಿಡಿಭಾಗಗಳ ಮತ್ತು ಸರ್ವಿಸ್ ಕೈಪಿಡಿಯ ವಿವರವನ್ನು ಅಲ್ಲಿ ಒದಗಿಸುವಂತೆ ಇಲಾಖೆ ಒತ್ತಾಯಿಸಬೇಕು.

ಅಲ್ಲಿಯವರೆಗೆ, ಟವರ್ ಬದಲಾಯಿಸಬೇಕೆನ್ನುವವರು ಸಾದಾ ಜೋಡಿಯೊಂದನ್ನು ಕೊಂಡು, ಸಿನಿಮಾದ ಆಸೆಯಿದ್ದರೆ ಬಿಡಿ ಸಬ್‌ವೂಫರನ್ನು ಸೇರಿಸಿಕೊಂಡು, ಕ್ರಾಸ್‌ಓವರನ್ನು (ಟವರ್ ಬಿಟ್ಟು ಸಬ್‌ವೂಫರ್ ಶುರುವಾಗುವ ಕಂಪನಾಂಕವನ್ನು) 80 ಹರ್ಟ್ಸ್‌ಗೆ ಇಟ್ಟು ಹೊಂದಿಸಿಕೊಳ್ಳುವುದೇ ವಾಸಿ. ಚಿಕ್ಕ ಮನೆಯಲ್ಲಿ ಇನ್ನೊಂದು ಪೆಟ್ಟಿಗೆಗೆ ಜಾಗವೇ ಇಲ್ಲ, ಒಳಗೇ ಇರುವುದು ಬೇಕು ಎನ್ನುವವರು, ಆಂಪ್ಲಿಫೈಯರ್ ಕೂರಿಸಿದ ಹಿಂಬದಿಯ ತಗಡು ಬಿಡಿಯಾಗಿ ಸಿಗುತ್ತದೆಯೇ, ಅದರ ಬೆಲೆಯೆಷ್ಟು, ಎಷ್ಟು ವರ್ಷ ಸರಬರಾಜು ಇರುತ್ತದೆ, ಅದು ಕೆಟ್ಟರೂ ಟವರಿನ ಉಳಿದ ಭಾಗ ಹಾಡುತ್ತದೆಯೇ ಎಂದು ಕೇಳಬೇಕು. ಈ ಉತ್ತರಗಳನ್ನು ಬಾಯಿಮಾತಿನಲ್ಲಿ ಮುಗಿಸದೆ ಬಿಲ್ಲಿನ ಮೇಲೆಯೇ ಬರೆದುಕೊಡಬೇಕೆಂದು ನಮ್ಮ ಜಿಲ್ಲೆಯ ಮಾರಾಟಗಾರರಲ್ಲಿ ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ,
ತಮ್ಮ ಓದುಗ,
ವಿನೋಬನಗರ, ಶಿವಮೊಗ್ಗ